ಪಾಯ ತೋಡುವ ಮೊದಲು



ದಾಂಡೇಲಿ, ಹಳಿಯಾಳ, ಮುಂಡಗೋಡ ಎಲ್ಲ ಕಡೆ ಹೊಸ ಮನೆಗಳು ಏಳುತ್ತಿವೆ. ಜೋಯಿಡಾದ ಕಾಡಿನ ಹಳ್ಳಿಗಳಲ್ಲೂ ಏಳುತ್ತಿವೆ. "ಮನಿ ಕಟ್ಟೋದು ಗಂಡಸರ ಕೆಲಸ. ನಮಗೇನು ತಿಳೀತದ?" ಎಂದು ಕೆಲವರು ಸುಮ್ಮನಿರುತ್ತಾರೆ.

ಆದರೆ ಮನೆಯೊಳಗೆ ಹೆಚ್ಚು ಹೊತ್ತು ದುಡಿಯುವವರು ಯಾರು? ಅಡುಗೆ ಮಾಡಿ ಹೊಗೆ ಕುಡಿಯುವವರು ಯಾರು? ನೀವೇ. ಹಾಗಾದರೆ ಮನೆಯ ನಕ್ಷೆಯಲ್ಲಿ ನಿಮ್ಮ ಮಾತೂ ಇರಬೇಕು. ಪಾಯ ತೋಡುವ ಮೊದಲೇ ಹೇಳಬೇಕು. ಗೋಡೆ ಎದ್ದ ಮೇಲೆ ಬದಲಿಸುವುದು ಕಷ್ಟ. ಖರ್ಚೂ ಹೆಚ್ಚು.

ನೆಲದ ಮೇಲೆ ನಕ್ಷೆ

ನಕ್ಷೆ ಎಂದರೆ ಹೆದರಬೇಡಿ. ರಂಗೋಲಿ ಹಾಕುವ ಕೈಗೆ ಗೆರೆ ಹೊಸದಲ್ಲ.

ಹಳ್ಳಿಯ ಬಡವರಿಗಾಗಿ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಶುರುವಾಯಿತು. ಅದರ ಪ್ರಕಾರ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಅಡುಗೆಯ ಜಾಗವೂ ಅದರಲ್ಲೇ ಸೇರಿದೆ. ಉದ್ದ ಸುಮಾರು ಹದಿನಾರೂವರೆ ಅಡಿ, ಅಗಲವೂ ಅಷ್ಟೇ ಎಂದುಕೊಳ್ಳಿ.

ಜಾಗದ ಮೇಲೆ ಬೂದಿಯಿಂದ ಇಷ್ಟು ಗೆರೆ ಎಳೆಯಿರಿ. ಒಳಗೆ ನಡೆದಾಡಿ ನೋಡಿ. ಒಲೆ ಎಲ್ಲಿ? ಕೊಡ ಎಲ್ಲಿ? ಮಲಗುವುದು ಎಲ್ಲಿ? ಬಾಣಂತಿ ಇದ್ದರೆ ಮರೆ ಎಲ್ಲಿ? ನಡೆದಾಗಲೇ ಕೊರತೆ ಗೊತ್ತಾಗುತ್ತದೆ. ಬೂದಿಯ ಗೆರೆ ಅಳಿಸಲು ದುಡ್ಡು ಬೇಕಿಲ್ಲ.

ಮಳೆ ನೋಡಿ ಮಾಡು

ಜೋಯಿಡಾದಲ್ಲಿ ಮಳೆ ಬಹಳ. ಹಳಿಯಾಳ, ಮುಂಡಗೋಡದ ಕಡೆ ಅಷ್ಟಿಲ್ಲ. ಆದ್ದರಿಂದ ಒಂದು ಊರಿನ ಮನೆ ಇನ್ನೊಂದು ಊರಿಗೆ ಹೊಂದದೆ ಇರಬಹುದು. ಮಳೆ ಜೋರಿದ್ದಲ್ಲಿ ಇಳಿಜಾರಾದ ಹಂಚಿನ ಮಾಡು ಒಳ್ಳೆಯದು. ಸೂರು ಗೋಡೆಯಿಂದ ಮುಂದಕ್ಕೆ ಚಾಚಿರಲಿ. ಆಗ ಗೋಡೆ ನೆನೆಯುವುದು ಕಡಿಮೆ. ಮುಂಗಾರು ಪಡುವಣ ಕಡೆಯಿಂದ ಬೀಸುತ್ತದೆ. ಆ ಕಡೆ ಸೂರು ಇನ್ನಷ್ಟು ಅಗಲ ಇರಲಿ. ತಾರಸಿ ಹಾಕಿಸುವುದಾದರೆ, ನೀರು ನಿಲ್ಲದೆ ಹರಿದು ಹೋಗುವಂತೆ ಮಾಡಲು ಗೌಂಡಿಗೆ ಹೇಳಿ.

ಹೊಗೆಗೆ ದಾರಿ

ಬಿಸಿ ಹೊಗೆ ಮೇಲೇರುತ್ತದೆ. ಮೇಲೆ ದಾರಿ ಇಲ್ಲದಿದ್ದರೆ ಮನೆಯಲ್ಲೇ ಸುತ್ತುತ್ತದೆ. ಕಣ್ಣು ಉರಿಯುತ್ತದೆ. ಎದೆ ಕೆಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಅಲ್ಲಿನ ವಿಜ್ಞಾನಿಗಳು ರೂಪಿಸಿದ್ದೇ 'ಅಸ್ತ್ರ ಒಲೆ'. ಇದರ ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಸೌದೆಯೂ ಉಳಿಯುತ್ತದೆ. ಕೊಳವೆ ಎಲ್ಲಿ ಬರಬೇಕು ಎಂಬುದನ್ನು ಮಾಡು ಹೊದಿಸುವ ಮೊದಲೇ ಗುರುತಿಸಿ.

ಗ್ಯಾಸ್ ಇದ್ದರೂ ಗಾಳಿ ಬೇಕು. ಕಿಟಕಿಗಳನ್ನು ಎದುರುಬದುರು ಇಡಿಸಿ. ಒಂದರಿಂದ ಬಂದ ಗಾಳಿ ಇನ್ನೊಂದರಿಂದ ಹೋಗುತ್ತದೆ.

ಹೆಸರು ಯಾರದು?

ಈ ಯೋಜನೆಯ ಮನೆ ಹೆಂಡತಿಯ ಹೆಸರಿಗೆ, ಇಲ್ಲವೆ ಗಂಡಹೆಂಡತಿ ಇಬ್ಬರ ಹೆಸರಿಗೂ ಮಂಜೂರಾಗಬೇಕು. ಇದು ಸಾಮಾನ್ಯ ನಿಯಮ. ವಿಧವೆಗೆ ಅವಳ ಹೆಸರಿಗೇ ಸಿಗುತ್ತದೆ. ಹೆಸರಿದ್ದರೆ "ಮನೆ ಬಿಟ್ಟು ಹೋಗು" ಎನ್ನುವುದು ಯಾರಿಗೂ ಸುಲಭವಲ್ಲ.

ಮಂಜೂರಾತಿ ಪತ್ರವನ್ನು ಕೈಗೆ ತೆಗೆದುಕೊಳ್ಳಿ. ಈಗ ನಿಮಗೆ ಓದಲು ಬರುತ್ತದೆ. ನಿಮ್ಮ ಹೆಸರು ಅದರಲ್ಲಿ ಇದೆಯೇ? ನೀವೇ ಓದಿ ನೋಡಿ. ಇಲ್ಲದಿದ್ದರೆ ಗ್ರಾಮ ಪಂಚಾಯತಿಗೆ ಹೋಗಿ ಕೇಳಿ.