ಏಲಕ್ಕಿ ಊರಿನ ಇನ್ನೊಂದು ಹಾರ

ಹಾವೇರಿ ಬಸ್ ನಿಲ್ದಾಣದ ಆಸುಪಾಸಿನ ಡಬ್ಬಿ ಅಂಗಡಿಗಳಲ್ಲಿ ಅಂಗಡಿಕಾರನ ಮುಖ ನೋಡಬೇಕೆಂದರೆ ತುಸು ಬಗ್ಗಬೇಕು. ಮೇಲಿನ ತಂತಿಯಿಂದ ಅವನ ಎದೆಮಟ್ಟದವರೆಗೆ ಪಾಕೀಟಿನ ಸರಗಳು ಇಳಿಬಿದ್ದಿರುತ್ತವೆ. ಬೆಳ್ಳಿ, ಬಂಗಾರ, ಹಸಿರು, ಕೇಸರಿ. ರಾಣೆಬೆನ್ನೂರ ಕಡೆಯ ಬಸ್ಸೊಂದು ಧೂಳೆಬ್ಬಿಸಿ ಹೊರಳಿತೆಂದರೆ ಸರಗಳೆಲ್ಲ ಒಟ್ಟಿಗೇ ಅಲುಗಾಡಿ ಬೆಳಗಿನ ಬಿಸಿಲಿಗೆ ಮಿಂಚುತ್ತವೆ. ಒಳಗೆಲ್ಲೋ ಬಾಳೆಹಣ್ಣು, ಚಿಕ್ಕಿ, ಬೆಂಕಿಪೊಟ್ಟಣ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆ ಇವೆ. ಎಲೆ ಕೇಳುವವರು ಈಗ ವಯಸ್ಸಾದವರೇ ಹೆಚ್ಚು. ಅಂಗಡಿಯ ದುಡಿಮೆಯೆಲ್ಲ ಹೊರಗೆ ತೂಗಾಡುತ್ತಿದೆ.

ಎಂಟೂವರೆಯ ಹೊತ್ತಿಗೆ ಹಾನಗಲ್ಲ ಬಸ್ಸು, ಗುತ್ತಲ ಬಸ್ಸು ಬಂದು ಕಾಲೇಜು ಹುಡುಗರನ್ನು ಇಳಿಸುತ್ತವೆ. ಬೆನ್ನಿಗೆ ಚೀಲ, ಕಿವಿಯಲ್ಲಿ ಹಾಡು. ಒಬ್ಬ ನೋಟು ಚಾಚಿ, “ಎರಡೂ ಕೊಡ್ರಿ ಕಾಕಾ” ಎನ್ನುತ್ತಾನೆ. ಯಾವ ಎರಡು ಎಂದು ಕಾಕಾ ಕೇಳುವುದಿಲ್ಲ. ಒಂದು ಸರದಿಂದ ದೊಡ್ಡ ಪಾಕೀಟು, ಅದರ ಹಿಂದೆಯೇ ಅಡಗಿ ಕೂತಂತಿರುವ ಇನ್ನೊಂದು ಸರದಿಂದ ಚಿಕ್ಕದು, ಎರಡನ್ನೂ ಚರ್ರನೆ ಹರಿದು ಕೈಗಿಡುತ್ತಾನೆ. ಹುಡುಗ ದೊಡ್ಡದರ ಮೂಲೆಯನ್ನು ಹಲ್ಲಿನಿಂದ ಹರಿದು, ಚಿಕ್ಕದರಲ್ಲಿರುವ ತಂಬಾಕನ್ನು ಅದರೊಳಗೆ ಸುರಿದು, ಬಾಯಿ ಹಿಡಿದು ನಾಲ್ಕು ಸಲ ಕುಲುಕಿ, ಕತ್ತು ಹಿಂದಕ್ಕೆ ವಾಲಿಸಿ ಒಂದೇ ಏಟಿಗೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಸ್ವಲ್ಪ ಹೊತ್ತು ಅವನಲ್ಲಿ ಮಾತಿಲ್ಲ. ಯಾರಾದರೂ ಏನಾದರೂ ಕೇಳಿದರೆ ಗದ್ದ ಮೇಲೆತ್ತಿ “ಊಂ” ಎನ್ನುತ್ತಾನೆ, ಅಷ್ಟೇ.

ಈ ಕುಲುಕಾಟ ನಮ್ಮ ಊರೂರಿಗೆ ಹಬ್ಬಿದ್ದು 2013ರ ನಂತರ. ಆ ವರ್ಷದ ಮೇ ಕೊನೆಗೆ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ತಿನ್ನುವ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಇರಕೂಡದೆಂಬ 2011ರ ಕೇಂದ್ರ ನಿಯಮ ಅದಕ್ಕೆ ಆಧಾರ. ಬೆರೆಸಿ ಮಾರುವುದು ತಪ್ಪೆಂದಾಯಿತಲ್ಲ, ಸರಿ, ಬೇರೆಬೇರೆ ಮಾಡಿ ಮಾರತೊಡಗಿದರು. ಬೆರೆಸುವ ಕೂಲಿ ಗಿರಾಕಿಯ ಪಾಲಿಗೆ ಬಂತು. ದೊಡ್ಡ ಪಾಕೀಟು ಪಾನ್ ಮಸಾಲ, ಕಾನೂನಿನ ಕಣ್ಣಿಗೆ ಅದು ಒಂದು ಆಹಾರ ಪದಾರ್ಥ. ಚಿಕ್ಕದು ತಂಬಾಕು, ಅದಕ್ಕೆ ಬೇರೆಯೇ ಕಾಯ್ದೆ. ಎರಡೂ ಕೂಡುವುದು ಹದಿನೆಂಟರ ಹುಡುಗನ ಅಂಗೈಯಲ್ಲಿ. ಅಂದ ಹಾಗೆ, 2025ರ ರಾಜ್ಯ ತಿದ್ದುಪಡಿಯ ಪ್ರಕಾರ ತಂಬಾಕು ಕೊಳ್ಳಲು 21 ತುಂಬಿರಬೇಕು. ಕಾಕಾ ಯಾರ ವಯಸ್ಸನ್ನೂ ಕೇಳಿದ್ದನ್ನು ನಾನು ನೋಡಲಿಲ್ಲ.

ಈಗ ಹುಡುಗರ ಹಿಂದೆ ನಿಂತಿರುವ ಬಸ್ಸಿನ ಬೆನ್ನನ್ನು ನೋಡಿ. ಇಡೀ ಹಿಂಬದಿಗೆ ಬಂಗಾರದ ಬಣ್ಣ ಬಳಿದಂತೆ ಚಿತ್ರ ಅಂಟಿಸಿದ್ದಾರೆ. ಬಿಳಿ ಕೋಟು ತೊಟ್ಟ ಹಿಂದಿ ಚಿತ್ರರಂಗದ ನಟ, ಹಿಂದೆ ಅರಮನೆಯಂಥ ಕಟ್ಟಡ, ಮೇಲಿನಿಂದ ಉದುರುವ ಕೇಸರಿ ಎಳೆ. ಎರಡು ಬೆರಳ ನಡುವೆ ಪಾಕೀಟು ಹಿಡಿದಿದ್ದಾನೆ, ಬಾಯಿಗೆ ಹಾಕಿಕೊಳ್ಳುವುದಿಲ್ಲ. ಜಾಹೀರಾತಿನಲ್ಲಿ ಯಾರೂ ಅಗಿಯುವುದಿಲ್ಲ, ಉಗುಳುವುದಂತೂ ಇಲ್ಲವೇ ಇಲ್ಲ. ಕಂಪನಿಯ ಹೆಸರು ಮೊಳದುದ್ದ. ಅದರ ಕೆಳಗೆ, ಕಣ್ಣು ಕಿರಿದು ಮಾಡಿ ಹುಡುಕಿದರೆ, ‘ಏಲಕ್ಕಿ’ ಎಂಬ ಮೂರು ಅಕ್ಷರ. ಹಿಂದಿನಿಂದ ಬರುವ ಬೈಕಿನವನಿಗೆ ನಗು ಕಾಣುತ್ತದೆ, ಬಣ್ಣ ಕಾಣುತ್ತದೆ, ಹೆಸರು ಕಾಣುತ್ತದೆ. ಏಲಕ್ಕಿ ಕಾಣುವುದಿಲ್ಲ, ಕಾಣಲಿ ಎಂಬ ಉದ್ದೇಶವೂ ಅಲ್ಲಿಲ್ಲ. ಆ ಬಂಗಾರದ ಬಣ್ಣ ಕಣ್ಣಲ್ಲಿ ಕೂತರೆ ಸಾಕು, ಇಪ್ಪತ್ತು ಹೆಜ್ಜೆ ಆಚೆ ಅದೇ ಬಣ್ಣದ ಸರ ತೂಗುತ್ತಿದೆ. ಮುಂದಿನ ಕಿಟಕಿಯಿಂದ ಯಾರೋ ಉಗಿದದ್ದು ಗಾಳಿಗೆ ಹಿಂದಕ್ಕೆ ಹಾರಿ ನಟನ ಕೋಟಿನ ಅಂಚಿಗೆ ಕೆಂಪಗೆ ಒಣಗಿದೆ. ಜಾಹೀರಾತು ಬಿಟ್ಟುಹೋದ ಸಂಗತಿಯನ್ನು ಪ್ರಯಾಣಿಕನೇ ಸೇರಿಸಿದ್ದಾನೆ.

ಏಲಕ್ಕಿಯ ವಿಷಯದಲ್ಲಿ ಹಾವೇರಿಯವರ ಮುಂದೆ ಸುಳ್ಳು ಹೇಳುವುದು ಇಷ್ಟು ಸಲೀಸಾಗಬಾರದಿತ್ತು. ಏಲಕ್ಕಿ ಕಂಪಿನ ನಾಡೆಂದೇ ಈ ಊರಿಗೆ ಹೆಸರು. ಇಲ್ಲಿ ಏಲಕ್ಕಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಬಂದದ್ದನ್ನು ಹಾರವಾಗಿಸುವ ಕಸುಬು ಪಟವೇಗಾರ ಮನೆತನದವರ ಕೈಯಲ್ಲಿ ಉಳಿದಿದೆ. ಒಂದೇ ಅಳತೆಯ, ಒಡೆಯದ ಕಾಯಿಗಳನ್ನು ಆರಿಸಬೇಕು, ಒಂದೊಂದನ್ನೇ ಪೋಣಿಸಬೇಕು, ನಡುನಡುವೆ ಮಣಿ, ಜರಿ, ರೇಷ್ಮೆಯ ಕುಚ್ಚು ಕೂಡಿಸಬೇಕು. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಈ ಊರಲ್ಲೇ ನಡೆಯಿತು. ಅಂಥ ಸಮಾರಂಭಗಳಿಗೆ ದೊಡ್ಡವರು ಊರಿಗೆ ಬಂದರೆ ಅವರ ಕೊರಳಿಗೆ ಬೀಳುವುದು ಈ ಹಾರವೇ. ಹಾರ ಹಾಕಿಸಿಕೊಂಡವರ ಅಂಗಿ ಎರಡು ದಿನ ಘಮಘಮ ಅನ್ನುತ್ತದೆ.

ಅಂಥ ಏಲಕ್ಕಿ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಕಿರಾಣಿ ಅಂಗಡಿಯವನು ಅದನ್ನು ಗಾಜಿನ ಭರಣಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ತೂಗುತ್ತಾನೆ. ಸಕಲೇಶಪುರದ ಬೆಳೆಗಾರನ ಏಲಕ್ಕಿಯನ್ನು ಕೊಳ್ಳಿರೆಂದು ಮುಂಬೈಯ ನಟರು ಸಾಲಾಗಿ ನಿಂತದ್ದು ನನಗೆ ನೆನಪಿಲ್ಲ. ಪಾಯಸಕ್ಕೆ ನಾಲ್ಕು ಕಾಯಿ ಹಾಕುವ ವಸ್ತುವಿಗೆ ಬಸ್ಸಿನ ಬೆನ್ನು, ಟಿವಿಯ ಸಂಜೆ, ಕ್ರಿಕೆಟ್ ಮೈದಾನದ ಬೇಲಿ ಎಲ್ಲವನ್ನೂ ಬಾಡಿಗೆಗೆ ಹಿಡಿಯುವಷ್ಟು ದುಡ್ಡು ಎಲ್ಲಿಂದ ಬಂದೀತು ಎಂದು ಐದನೇ ಇಯತ್ತೆಯ ಹುಡುಗನೂ ಕೇಳಬಹುದು. ಕೇಳುವುದಿಲ್ಲ. ಅವನಿಗೂ ಗೊತ್ತಿದೆ.

ಈ ಮಸಲತ್ತನ್ನು ಪಾನ್ ಮಸಾಲದವರು ಕಂಡುಹಿಡಿದದ್ದಲ್ಲ. ಕೇಬಲ್ ಟಿವಿ ನಿಯಮಗಳು ಮದ್ಯ ಮತ್ತು ತಂಬಾಕಿನ ಜಾಹೀರಾತನ್ನು ತಡೆದಾಗ ಮದ್ಯದ ಕಂಪನಿಗಳು ಅದೇ ಹೆಸರಿನಲ್ಲಿ ಸೋಡಾ, ಕುಡಿಯುವ ನೀರು, ಹಾಡಿನ ಸಿ.ಡಿ., ಇಸ್ಪೀಟು ಎಲೆ ಮಾರಲು ನಿಂತವು. ನಮ್ಮ ಬೆಂಗಳೂರಿನ ಐಪಿಎಲ್ ತಂಡವನ್ನೇ ನೋಡಿ. 2008ರಲ್ಲಿ ವಿಜಯ್ ಮಲ್ಯ ಅದಕ್ಕೆ ಇಟ್ಟ ಹೆಸರು ತಮ್ಮ ಕಂಪನಿಯ ವಿಸ್ಕಿಯ ಹೆಸರಿನಿಂದ ಹುಟ್ಟಿದ್ದು. 2025ರ ಜೂನ್ 3ರಂದು ಕಪ್ ಗೆದ್ದ ರಾತ್ರಿ ಹಾವೇರಿಯಲ್ಲೂ ಪಟಾಕಿ ಹಾರಿತು, ಮೊಮ್ಮಕ್ಕಳ ಜೊತೆ ಅಜ್ಜಿಯರೂ ಆ ಹೆಸರನ್ನು ಕೂಗಿದರು. ಕೂಗಿದ್ದರಲ್ಲಿ ತಪ್ಪೇನೂ ಇಲ್ಲ, ನಾನೂ ಕೂಗಿದವನೇ. ಆದರೆ ಜಾಹೀರಾತಿನ ಮಂದಿಗೆ ಇದಕ್ಕಿಂತ ದೊಡ್ಡ ಗೆಲುವು ಇನ್ನೇನು? ಸೋಡಾದ ನೆಪವೂ ಬೇಡ, ಒಂದು ಬಾಟಲಿಯ ಹೆಸರು ಒಂದು ರಾಜ್ಯದ ಅಭಿಮಾನದೊಳಗೆ ಹೋಗಿ ಕೂತಿದೆ.

ತಂಬಾಕಿಗೆ ಕಟ್ಟುಪಾಡು ಹೆಚ್ಚು. 2003ರ ತಂಬಾಕು ನಿಯಂತ್ರಣ ಕಾಯ್ದೆ ‘ಕೋಟ್ಪಾ’ದ ಕೆಳಗೆ ಅಂಗಡಿಯ ಮುಂದಿನ ತಂಬಾಕು ಫಲಕ 60 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ ಮೀರುವಂತಿಲ್ಲ, ಅದರಲ್ಲೂ ಎಚ್ಚರಿಕೆಯ ಮಾತಿಗೆ ಜಾಗ ಬಿಡಬೇಕು. ಏಲಕ್ಕಿಯ ಫಲಕಕ್ಕೆ ಆ ಅಳತೆ ಯಾಕೆ? ಕಾಕಾನ ಅಂಗಡಿಯ ಹಣೆಯ ಮೇಲಿನ ಬೋರ್ಡನ್ನು ಕಂಪನಿಯವರೇ ಪುಕ್ಕಟೆ ಮಾಡಿಸಿಕೊಟ್ಟದ್ದು. ಮುಕ್ಕಾಲು ಭಾಗ ಅವರ ಹೆಸರು, ಮೂಲೆಯಲ್ಲಿ ಅಂಗಡಿಯದು. “ಬಿಸಿಲಿಗೂ ಆತು, ಮಳಿಗೂ ಆತು” ಎಂದು ಕಾಕಾ ಸಮಾಧಾನದಿಂದ ಹೇಳುತ್ತಾನೆ. ಬೋರ್ಡನ್ನು ಅವನು ತಗಡಿನ ಲೆಕ್ಕದಲ್ಲಿ ನೋಡುತ್ತಾನೆ.

ಮೇಲಿನವರ ಕತೆ ಬೇರೆ. ತೆರೆಯ ಮೇಲೆ ಜೇಮ್ಸ್ ಬಾಂಡ್ ಆಗಿದ್ದ ಪಿಯರ್ಸ್ ಬ್ರಾಸ್ನನ್ 2016ರಲ್ಲಿ ಭಾರತದ ಪಾನ್ ಮಸಾಲದ ಡಬ್ಬಿ ಹಿಡಿದು ನಿಂತರು. ಜನ ನಕ್ಕಾಗ, ಬೈದಾಗ, ಬಾಯಿಯ ವಾಸನೆ ನೀಗಿಸುವ ವಸ್ತುವೆಂದು ತಿಳಿದಿದ್ದೆ ಎಂದರು. ಪರದೇಶದವರು, ಹೋಗಲಿ. 2021ರ ಅಕ್ಟೋಬರಿನಲ್ಲಿ ಅಮಿತಾಭ್ ಬಚ್ಚನ್ ಕಮಲಾ ಪಸಂದ್ ಒಪ್ಪಂದದಿಂದ ಹೊರಬಂದು ಹಣ ಹಿಂದಿರುಗಿಸಿದರು. ಅದು ಪರೋಕ್ಷ ಜಾಹೀರಾತಿನ ವ್ಯಾಪ್ತಿಗೆ ಬರುತ್ತದೆಂದು ಅವರಿಗೆ ತಿಳಿದಿರಲಿಲ್ಲ ಎಂದು ಅವರ ಕಚೇರಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ವಿಮಲ್ ಏಲಕ್ಕಿಯ ಜಾಹೀರಾತಿಗಾಗಿ ಅಭಿಮಾನಿಗಳ ಕ್ಷಮೆ ಕೇಳಿದರು. ಕ್ಷಮೆ ಕೇಳಿದ ಮೇಲೂ ಒಪ್ಪಂದದ ಅವಧಿ ಇತ್ತಲ್ಲ. ಮರುವರ್ಷ ವಿಶ್ವಕಪ್ ಹೊತ್ತಿಗೆ ಅವರ ಮುಖ ಮತ್ತೆ ತೆರೆಯ ಮೇಲೆ ಬಂತು, ಅದು 2021ರಲ್ಲೇ ಚಿತ್ರೀಕರಿಸಿದ್ದು ಎಂದು ಅವರು ವಿವರಣೆ ಕೊಡಬೇಕಾಯಿತು. ಪಶ್ಚಾತ್ತಾಪಕ್ಕಿಂತ ಕರಾರುಪತ್ರದ ಆಯಸ್ಸು ಹೆಚ್ಚು. ನಮ್ಮ ಯಶ್ ಇಂಥದೇ ಕೋಟಿಗಟ್ಟಲೆಯ ಕರಾರಿಗೆ ಒಲ್ಲೆ ಎಂದರೆಂದು ಅವರ ವ್ಯವಹಾರ ನೋಡಿಕೊಳ್ಳುವ ಸಂಸ್ಥೆ 2022ರಲ್ಲೇ ತಿಳಿಸಿತ್ತು. ಒಲ್ಲೆ ಎಂದವರ ಮುಖ ಯಾವ ಬಸ್ಸಿನ ಮೇಲೂ ಬರುವುದಿಲ್ಲ, ಹೀಗಾಗಿ ಆ ಸುದ್ದಿ ಬೇಗ ಮರೆತುಹೋಗುತ್ತದೆ.

ಜಾಹೀರಾತು ಜನರನ್ನು ಮೋಸಗೊಳಿಸುತ್ತದೆ ಎಂಬ ದೂರು ಹಳೆಯದು. ಈ ಅಂಗಡಿಯ ಮುಂದೆ ನಿಂತು ನೋಡಿದರೆ ನನಗೆ ಮೋಸಹೋದವರು ಯಾರೂ ಸಿಗುವುದಿಲ್ಲ. ಕಾಕಾನಿಗೆ ಗೊತ್ತು, ಹುಡುಗನಿಗೆ ಗೊತ್ತು, ಬಸ್ಸಿನ ಕಂಡಕ್ಟರಿಗೆ ಗೊತ್ತು, ಚಿತ್ರ ಅಂಟಿಸಿದವನಿಗೆ ಗೊತ್ತು, ನಟನಿಗೂ ಗೊತ್ತೆಂದೇ ನನ್ನ ಗುಮಾನಿ. ಕೆಡುಕು ಇರುವುದು ಇಲ್ಲೇ. ಬಸ್ಸಿನಷ್ಟು ದೊಡ್ಡ ಸುಳ್ಳು ಊರ ನಡುವೆ ಓಡಾಡುತ್ತಿದೆ, ಎಲ್ಲರೂ ಅದಕ್ಕೆ ಕಣ್ಣು ಮಿಟುಕಿಸಿ ಹತ್ತಿ ಕೂರುತ್ತಾರೆ. ಸಿನಿಮಾ ಮಂದಿರದಲ್ಲಿ ಮೊದಲು ತಂಬಾಕಿನ ಎಚ್ಚರಿಕೆ ಬರುತ್ತದೆ, ಕೊಯ್ದ ದವಡೆ, ಹೊಲಿದ ಕೆನ್ನೆ. ವಿರಾಮದಲ್ಲಿ ಏಲಕ್ಕಿ ಬರುತ್ತದೆ, ಅರಮನೆ, ಕೇಸರಿ. ಎರಡನ್ನೂ ಒಂದೇ ಕುರ್ಚಿಯಲ್ಲಿ ಕೂತು ನೋಡಿದ ಮಗು ಯಾವುದನ್ನು ನಂಬಬೇಕೆಂದು ಕೇಳುವುದಿಲ್ಲ. ದೊಡ್ಡವರು ಎರಡನ್ನೂ ಗಂಭೀರವಾಗಿ ತಗೊಳ್ಳುವುದಿಲ್ಲ ಎಂಬುದನ್ನಷ್ಟೇ ಕಲಿತು ಹೊರಗೆ ಬರುತ್ತದೆ.

ಇನ್ನೊಂದು ಸಂಕಟವೂ ಉಂಟು, ಅದನ್ನು ಬೆಂಗಳೂರಿನಲ್ಲಿ ಕೂತು ಬರೆಯುವವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆ ಬಂಗಾರದ ಪಾಕೀಟಿನೊಳಗಿನ ಮುಖ್ಯ ಸರಕು ನಮ್ಮದೇ. ಶಿವಮೊಗ್ಗ, ಚನ್ನಗಿರಿ, ತೀರ್ಥಹಳ್ಳಿ, ಶಿರಸಿಯ ತೋಟಗಳ ಕೆಂಪಡಿಕೆ ಲಾರಿ ಹತ್ತಿ ಉತ್ತರದ ಕಾರ್ಖಾನೆಗಳಿಗೆ ಹೋಗುತ್ತದೆ, ಚೂರಾಗಿ, ಸುಣ್ಣ ಕಾಚು ಪರಿಮಳ ಸೇರಿಸಿಕೊಂಡು ಸರವಾಗಿ ಹಾವೇರಿಗೆ ಮರಳುತ್ತದೆ. ಈ ಜಿಲ್ಲೆಯಲ್ಲೂ ಹಾನಗಲ್ಲ, ಹಿರೇಕೆರೂರ ಕಡೆ ಅಡಿಕೆ ಗಿಡ ಎದ್ದಿವೆ. ರಾಶಿ ಅಡಿಕೆ ಕ್ವಿಂಟಲಿಗೆ ಐವತ್ತು ಸಾವಿರ ದಾಟಿದ ವರ್ಷ ಎಷ್ಟೋ ಮನೆಯಲ್ಲಿ ಮಗಳ ಮದುವೆ, ಮಗನ ಕಾಲೇಜು ಫೀ ಆಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿಲ್ಲದ ಅಡಿಕೆಯನ್ನೂ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಮಾತೆತ್ತಿದರೆ ಮಲೆನಾಡಿನ ಜಗಲಿಯಲ್ಲಿ ಕಾಫಿ ಆರಿಹೋಗುತ್ತದೆ. ಊಟವಾದ ಮೇಲೆ ಎಲೆ ಸುಣ್ಣದ ಜೊತೆ ಒಂದು ಹೋಳು ಹಾಕಿಕೊಂಡ ಅಜ್ಜನಿಗೂ ಬೆಳಗಿನಿಂದ ಸಂಜೆವರೆಗೆ ಪಾಕೀಟು ಹರಿಯುವ ಹುಡುಗನಿಗೂ ವ್ಯತ್ಯಾಸವಿದೆ ಎಂದು ಅವರು ವಾದಿಸುತ್ತಾರೆ. ಅದರಲ್ಲಿ ಹುರುಳಿದೆ. ಅಜ್ಜನ ತಟ್ಟೆಗೆ ಜಾಹೀರಾತು ಇರಲಿಲ್ಲ, ಕಿಸೆಯಲ್ಲಿ ಹಿಡಿಸುವ ಅಳತೆಯೂ ಇರಲಿಲ್ಲ.

ಹುಡುಗನ ಬಾಯಿ ಒಂದೇ ದಿನಕ್ಕೆ ಕೆಡುವುದಿಲ್ಲ. ಮೊದಲು ಖಾರ ತಡೆಯದಾಗುತ್ತದೆ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅದರ ರಂಜಕವನ್ನು ಇಲ್ಲಿಯ ಮಕ್ಕಳೂ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಆ ರಂಜಕ ಒಂದು ದಿನ ನಾಲಿಗೆಗೆ ಕೆಂಡದಂತೆ ತಾಗುತ್ತದೆ. “ಯಾಕೋ, ಇವತ್ತ ಚಟ್ನಿ ಮುಟ್ಟೇ ಇಲ್ಲ?” ಎಂದು ಅವ್ವ ಕೇಳುತ್ತಾಳೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುತ್ತ ಹೋಗುತ್ತದೆ. ದಂತ ವೈದ್ಯರು ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯೊಳಗೆ ಇಟ್ಟುಕೋ ಎನ್ನುತ್ತಾರೆ. ಎರಡೂ ಹೋಗದ ಇಪ್ಪತ್ತೈದರ ಯುವಕರು ಇದ್ದಾರೆ. ರೊಟ್ಟಿಯನ್ನು ಚೂರು ಚೂರು ಮಾಡಿ, ಸಾರಿನಲ್ಲಿ ನೆನೆಸಿ, ಬಾಯಿಯ ಸಂದಿಯಿಂದ ತೂರಿಸಬೇಕು. ಹೀಗೆ ಬಿಗಿದ ಬಾಯಿ ಮೊದಲಿನಂತೆ ಪೂರ್ತಿ ತೆರೆದುಕೊಳ್ಳುವುದು ಕಷ್ಟ, ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರೂ ಇದೇ ನಿಲ್ದಾಣದಲ್ಲಿ ಬಸ್ಸು ಹತ್ತುತ್ತಾರೆ. ಬೆನ್ನ ಮೇಲೆ ಏನು ಅಂಟಿಸಿದ್ದಾರೆ ಎಂದು ನೋಡಿ ಬಸ್ಸು ಹತ್ತುವ ಅನುಕೂಲ ಯಾರಿಗಿದೆ?

ನಿಯಮಗಳೇನೂ ಕಡಿಮೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ, ಪ್ರಚಾರ ಕೊಟ್ಟ ತಾರೆಯರನ್ನು ಒಂದು ವರ್ಷ ಜಾಹೀರಾತಿನಿಂದ ದೂರ ಇಡಬಹುದು. 2022ರ ಜೂನ್ 9ರ ಮಾರ್ಗಸೂಚಿ ಪರೋಕ್ಷ ಜಾಹೀರಾತನ್ನು ಹೆಸರಿಟ್ಟೇ ನಿಷೇಧಿಸಿದೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆದು ಮೈದಾನದಲ್ಲಿ ತಂಬಾಕು, ಮದ್ಯದ ಪರೋಕ್ಷ ಪ್ರಚಾರವನ್ನೂ ನಿಲ್ಲಿಸಿರೆಂದು ಕೇಳಿತು. ದೂರು ಹೇಳಲು 1915 ಎಂಬ ಸಹಾಯವಾಣಿಯೂ ಇದೆ.

ಒಂಬತ್ತು ಗಂಟೆ ದಾಟಿ ಗದ್ದಲ ತುಸು ಇಳಿದಾಗ ಒಬ್ಬ ಮುದುಕಿ ಬಂದಳು. ಕೈಚೀಲದಲ್ಲಿ ಬೆಲ್ಲದ ಅಚ್ಚು, ಕಡಲೆಬೇಳೆ. ಮೇಲಿನ ಬೋರ್ಡು ಓದಿಕೊಂಡೇ ಕೇಳಿದಳು: “ತಮ್ಮಾ, ಹೋಳಗಿಗೆ ಹತ್ತು ರೂಪಾಯಿದು ಯಾಲಕ್ಕಿ ಕೊಡಪಾ.”

ಕಾಕಾ ಸರಗಳ ನಡುವಿನಿಂದ ತಲೆ ಹೊರಗೆ ಹಾಕಿದ. “ಯಾಲಕ್ಕಿ ಇಲ್ಲಿ ಸಿಗಂಗಿಲ್ಲ ಯವ್ವಾ, ಆ ಕಿರಾಣಿ ಅಂಗಡಿಗೆ ಹೋಗು.”

“ಮತ್ತ ಮ್ಯಾಲ ಬರದೀಯಲ್ಲಾ?”

“ಅದು ಬ್ಯಾರೆ.”

ಮುದುಕಿ ರಸ್ತೆ ದಾಟಿ ಹೋದಳು. ನಾನು ಸಹಾಯವಾಣಿಯ ನಂಬರು ಹೇಳಿ, ಇಂಥದ್ದಕ್ಕೆ ದೂರು ಕೊಡಬಹುದಂತೆ ಎಂದೆ. ಕಾಕಾ ಸಿಟ್ಟಾಗಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆನ್ನುವವನಂತೆ ಕೇಳಿದ: “ಯಾರ ಮ್ಯಾಲ ಕೊಡ್ತೀರ್ರೀ ಸರ? ಯಾಲಕ್ಕಿ ಮ್ಯಾಲೇನು?”