ಬಾವಲಿಯ ಚಳಿಗಾಲದ ಬುತ್ತಿ

ಆಲದ ಮರದಲ್ಲಿ ತಲೆಕೆಳಗಾಗಿ ಜೋತುಬಿದ್ದ ದೊಡ್ಡ ಬಾವಲಿಗಳನ್ನು ನೀವು ನೋಡಿಯೇ ಇರುತ್ತೀರಿ. ಅವು ಹಣ್ಣು ತಿನ್ನುವಂಥವು. ಇಲ್ಲಿ ಹೇಳಹೊರಟಿರುವುದು ಉತ್ತರ ಅಮೆರಿಕದ ಪುಟ್ಟ ಕಂದುಬಾವಲಿಯ ವಿಷಯ. ಬೇಸಿಗೆಯಲ್ಲಿ ಇದರ ತೂಕ 7-8 ಗ್ರಾಂ ಅಷ್ಟೇ, ಆಹಾರವೆಲ್ಲ ಕೀಟಗಳು.

2006ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ತೆಗೆದ ಛಾಯಾಚಿತ್ರದಲ್ಲಿ, ಮಲಗಿದ್ದ ಬಾವಲಿಗಳ ಮೂತಿಯ ಮೇಲೆ ಬಿಳಿಯ ಬೂಷ್ಟು ಕಾಣಿಸಿತು. ಅದರಿಂದಲೇ ಈ ಕಾಯಿಲೆಗೆ 'ಬಿಳಿಮೂಗು ರೋಗ' ಎಂಬ ಹೆಸರು. ಮುಂದಿನ ವರ್ಷಗಳಲ್ಲಿ ಅಮೆರಿಕದ ಪೂರ್ವಭಾಗದ ಅನೇಕ ಗುಹೆಗಳಲ್ಲಿ ಕಂದುಬಾವಲಿಗಳ ಸಂಖ್ಯೆ ನೂರಕ್ಕೆ 90ಕ್ಕಿಂತಲೂ ಹೆಚ್ಚು ಕುಸಿಯಿತು. ಹೆಣ್ಣು ಬಾವಲಿ ಹೆರುವುದು ವರ್ಷಕ್ಕೆ ಒಂದೇ ಮರಿ. ಇಂಥ ನಷ್ಟ ಬೇಗ ತುಂಬುವಂಥದ್ದಲ್ಲ.

ಕೊಲ್ಲುವುದು ಬೂಷ್ಟೇ ಆದರೂ ಅದರ ಆಯುಧ ಹಸಿವು. ಕೀಟಗಳಿಲ್ಲದ ಚಳಿಗಾಲದಲ್ಲಿ ಬಾವಲಿ ತಣ್ಣನೆಯ ಗುಹೆ ಸೇರಿ, ಮೈಯನ್ನೂ ತಣ್ಣಗಾಗಿಸಿಕೊಂಡು, ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ತಿಂಗಳುಗಟ್ಟಲೆ ಬದುಕುತ್ತದೆ. ರೋಗ ತಗುಲಿದರೆ ಮತ್ತೆ ಮತ್ತೆ ಎಚ್ಚರ. ಒಂದೊಂದು ಎಚ್ಚರಕ್ಕೂ ಕೊಬ್ಬು ಉರಿಯುತ್ತದೆ. ವಸಂತ ಬರುವ ಮೊದಲೇ ಬುತ್ತಿ ಬರಿದು!

ಆದ್ದರಿಂದಲೇ ಸಂಶೋಧಕರು ಗುಹೆಯನ್ನಷ್ಟೇ ನೋಡದೆ, ಬಾವಲಿ ಹೊರಗೆ ಕಳೆಯುವ ದಿನಗಳ ಬೆನ್ನು ಹತ್ತಿದ್ದಾರೆ. ತೆಳುವಾದ ಬಲೆಯಲ್ಲಿ ಹಿಡಿದು, ಬೆನ್ನಿಗೆ ಸುಮಾರು ಮೂರನೇ ಒಂದು ಗ್ರಾಂ ತೂಕದ ರೇಡಿಯೋ ಪ್ರೇಷಕ ಅಂಟಿಸಿ ಬಿಡುತ್ತಾರೆ. ಅದಕ್ಕಿಂತ ಭಾರ ಹೊರಿಸಿದರೆ ಹಾರಾಟಕ್ಕೇ ತೊಡಕು. ಕೆಲವು ದಿನಗಳಲ್ಲಿ ಅದು ಕಳಚಿ ಬೀಳುತ್ತದೆ. ಅಷ್ಟರೊಳಗೆ ಆಂಟೆನಾ ಹಿಡಿದು ಕಾಡು ಸುತ್ತಿ, ಅದು ಹಗಲು ತಂಗುವ ಜಾಗ ಕಂಡುಹಿಡಿಯಬೇಕು. ಕಟ್ಟಡಗಳ ಅಟ್ಟ, ಮರದ ಪೊಟರೆ, ತೊಗಟೆ ಎದ್ದ ಒಣಮರ ಇವೇ ಅದರ ಮನೆ. ನಾವು 'ಸತ್ತ ಮರ' ಎಂದು ಕಡಿದುಹಾಕುವುದು ಅದಕ್ಕೆ ಬಾಣಂತಿಕೋಣೆ ಆಗಿರಬಹುದು.

ತಿಂದದ್ದೇನೆಂದು ತಿಳಿಯಲು ಹಿಕ್ಕೆ ಸಾಕು. ಅದರಲ್ಲಿ ಉಳಿದ ಡಿ.ಎನ್.ಎ. ತುಣುಕುಗಳಿಂದ ಪತಂಗ, ಸೊಳ್ಳೆ, ನೀರಿನಲ್ಲಿ ಹುಟ್ಟುವ ಸಣ್ಣ ನೊಣಗಳನ್ನೆಲ್ಲ ಗುರುತಿಸುತ್ತಾರೆ. ಕೆರೆ ತೊರೆಗಳ ದಡ ಕೆಟ್ಟರೆ ಬಾವಲಿಯ ಊಟಕ್ಕೂ ಕುತ್ತು ಎಂಬುದು ಇದರಿಂದ ಸ್ಪಷ್ಟ.

ರೋಗವಿದ್ದೂ ಬಾವಲಿಗಳು ಉಳಿದುಕೊಂಡಿರುವ ಕೆಲವು ಗುಹೆಗಳಲ್ಲಿ, ಅವು ಚಳಿಗಾಲದ ಆರಂಭದಲ್ಲಿ ಹಿಂದಿಗಿಂತ ಹೆಚ್ಚು ಕೊಬ್ಬಿದ್ದವು ಎಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈಗ ಗುಹೆಗಳ ಸಮೀಪ ರಾತ್ರಿ ದೀಪವಿಟ್ಟು, ಕೀಟಗಳನ್ನು ಸೆಳೆದು, ಬಾವಲಿಗಳಿಗೆ ಊಟ ಒದಗಿಸುವ ಪ್ರಯೋಗವೂ ನಡೆದಿದೆ. ಇಷ್ಟೆಲ್ಲ ಮಾಡುವವರು ಗುಹೆಯಿಂದ ಹೊರಬಂದೊಡನೆ ತಮ್ಮ ಬೂಟು, ಬಟ್ಟೆ, ಸಲಕರಣೆಗಳನ್ನು ತೊಳೆದು ಶುದ್ಧಿಮಾಡುತ್ತಾರೆ. ಬೂಷ್ಟಿನ ಕಣಗಳು ಮನುಷ್ಯರ ಕಾಲಿಗಂಟಿಯೂ ಇನ್ನೊಂದು ಗುಹೆ ಸೇರಬಲ್ಲವು.