ಕಲ್ಲೆತ್ತುವ ಕೈ

ನಾಗರ ಪಂಚಮಿಯಂದು ಬೇರೆ ಊರಿನವರು ಹುತ್ತಕ್ಕೆ ಹಾಲೆರೆಯುತ್ತಿದ್ದರೆ, ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ಜನ ಬೆಟ್ಟ ಹತ್ತುತ್ತಾರೆ. ಅಲ್ಲಿ ಕೊಂಡಮ್ಮಾಯಿ ದೇವಿಯ ಗುಡಿ ಇದೆ. ಸುತ್ತಲಿನ ಕಲ್ಲುಗಳನ್ನು ಒಂದೊಂದಾಗಿ ಎತ್ತುತ್ತಾರೆ. ಅಡಿಯಲ್ಲಿ ಚೇಳು ಸಿಗುತ್ತದೆ. ಅದನ್ನು ಅಂಗೈ ಮೇಲೆ, ತೋಳಿನ ಮೇಲೆ, ಕೆಲವರು ಮುಖದ ಮೇಲೂ ಹರಿದಾಡಲು ಬಿಡುತ್ತಾರೆ. ಆ ದಿನ ಚೇಳು ಕುಟುಕುವುದಿಲ್ಲ ಎಂಬುದು ನಂಬಿಕೆ. ದೊಡ್ಡವರ ಪಕ್ಕ ನಿಂತ ಮಕ್ಕಳೂ ಕೈ ಚಾಚುತ್ತಾರೆ.

ಚೇಳು ಅಟ್ಟಿಸಿಕೊಂಡು ಬಂದು ಕುಟುಕುವ ಜೀವಿಯಲ್ಲ. ಅದರ ಕಣ್ಣು ಮಂದ. ನೆಲದ ಕಂಪನವನ್ನು ಕಾಲಿನಿಂದಲೇ ಗ್ರಹಿಸುತ್ತದೆ. ವಿಷ ತಯಾರಿಸಲು ಅದಕ್ಕೆ ಬಹಳ ಶಕ್ತಿ ಬೇಕು, ಹಾಗಾಗಿ ಅದನ್ನು ಸುಮ್ಮನೆ ಖರ್ಚು ಮಾಡುವುದಿಲ್ಲ. ಮೆಲ್ಲಗೆ ಅಂಗೈಗೆ ಬಂದ ಚೇಳು ಕುಟುಕದೇ ಹೋಗಬಹುದು, ಒತ್ತಿದರೆ ಮಾತ್ರ ಬಿಡುವುದಿಲ್ಲ. ಅದರಲ್ಲೂ ಕೆಂಪು ಚೇಳಿನ ವಿಷ ಹೃದಯ, ಶ್ವಾಸಕೋಶಗಳನ್ನೇ ಹಿಡಿಯುತ್ತದೆ. ಮಹಾರಾಷ್ಟ್ರದ ಮಹಾಡಿನ ವೈದ್ಯ ಹಿಮ್ಮತರಾವ್ ಬಾವಸ್ಕರ್ ಪ್ರಾಜೋಸಿನ್ ಮಾತ್ರೆಯಿಂದ ಇದಕ್ಕೆ ಚಿಕಿತ್ಸೆ ತೋರಿಸಿಕೊಡುವ ಮುನ್ನ ಎಷ್ಟೋ ಮಕ್ಕಳು ಸತ್ತಿದ್ದಾರೆ. ಪಂಚಮಿಯಾಗಲಿ, ಮರುದಿನವಾಗಲಿ, ಚೇಳು ಕುಟುಕಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನ್ನನ್ನು ಕಾಡುವುದು ಚೇಳಿನ ಕೊಂಡಿಗಿಂತ ಆ ಮಕ್ಕಳ ಕೈ. ಅವುಗಳಲ್ಲಿ ಅಂಜಿಕೆ ಯಾಕಿಲ್ಲ?

ಅಂಜಿಕೆ ಎಷ್ಟು ಆಳದ್ದು ಎಂಬುದನ್ನು ಡಾರ್ವಿನ್ ತನ್ನ ಮೇಲೆಯೇ ಪರೀಕ್ಷಿಸಿಕೊಂಡಿದ್ದ. ಲಂಡನ್ನಿನ ಮೃಗಾಲಯದಲ್ಲಿ ವಿಷದ ಹಾವಿನ ಮುಂದಿನ ದಪ್ಪ ಗಾಜಿಗೆ ಮುಖ ಒಡ್ಡಿ, ಹಾವು ಎರಗಿದರೂ ಹಿಂದೆ ಸರಿಯಬಾರದೆಂದು ಮನಸ್ಸು ಗಟ್ಟಿ ಮಾಡಿ ನಿಂತ. ಹಾವು ಎರಗಿತು. ಡಾರ್ವಿನ್ ಒಂದೆರಡು ಗಜ ಹಿಂದಕ್ಕೆ ಹಾರಿದ್ದ. ಭಾವಗಳು ಮೈಯಲ್ಲಿ ತೋರುವ ಬಗೆ ಕುರಿತ 1872ರ ಪುಸ್ತಕದಲ್ಲಿ ಇದನ್ನು ಅವನೇ ಬರೆದುಕೊಂಡಿದ್ದಾನೆ. ಹಗ್ಗವನ್ನು ಹಾವೆಂದು ಬಗೆದವನಿಗೆ ಒಂದು ಜಿಗಿತ ದಂಡ. ಹಾವನ್ನು ಹಗ್ಗವೆಂದು ಬಗೆದವನಿಗೆ ಜೀವವೇ ದಂಡ. ಲಕ್ಷಾಂತರ ವರ್ಷ ಈ ಲೆಕ್ಕ ನಡೆದಾಗ ಸುಮ್ಮಸುಮ್ಮನೆ ಬೆಚ್ಚುವವರೇ ಹೆಚ್ಚು ಬದುಕಿ ಮಕ್ಕಳನ್ನು ಹೆತ್ತರು. ನಿಸರ್ಗದ ಆಯ್ಕೆ ಎಂದರೆ ಇಷ್ಟೇ. ಅದು ಕೈಕಾಲು, ಕಣ್ಣುಗಳನ್ನು ರೂಪಿಸಿದಂತೆಯೇ ಬೆಚ್ಚುವಿಕೆಯನ್ನೂ ರೂಪಿಸಿತು.

ಆದರೆ ಅಂಜಿಕೆ ಹುಟ್ಟಿನಿಂದಲೇ ಸಿದ್ಧವಾಗಿ ಬರುತ್ತದೆಯೇ? 1980ರ ದಶಕದಲ್ಲಿ ಅಮೆರಿಕದ ಸೂಸನ್ ಮಿನೇಕಾ ಮತ್ತು ಮೈಕಲ್ ಕುಕ್ ಮಂಗಗಳ ಮೇಲೆ ಪ್ರಯೋಗ ಮಾಡಿದರು. ಕಾಡಿನಲ್ಲಿ ಹುಟ್ಟಿದ ಮಂಗ ಹಾವು ಕಂಡರೆ ಕಿರುಚುತ್ತಿತ್ತು. ಪ್ರಯೋಗಾಲಯದಲ್ಲೇ ಬೆಳೆದದ್ದಕ್ಕೆ ಹಾವಿನ ಹೆದರಿಕೆಯೇ ಇರಲಿಲ್ಲ. ಹೆದರಿದ ಮಂಗವನ್ನು ಒಮ್ಮೆ ನೋಡಿದ್ದೇ ತಡ, ಕೆಲವೇ ನಿಮಿಷಗಳಲ್ಲಿ ಅದೂ ಹೆದರಲು ಕಲಿಯಿತು. ಆಮೇಲೆ ಅವರು ವಿಡಿಯೋ ಜೋಡಿಸಿ, ಮಂಗವೊಂದು ಹೂವಿಗೆ ಹೆದರುವಂತೆ ತೋರಿಸಿದರು. ಎಷ್ಟು ತೋರಿಸಿದರೂ ನೋಡಿದ ಮಂಗಗಳು ಹೂವಿಗೆ ಹೆದರಲಿಲ್ಲ. ಅಂದರೆ ವಂಶದಿಂದ ಬಂದದ್ದು ಹೆದರಿಕೆಯಲ್ಲ. ಯಾವುದಕ್ಕೆ ಬೇಗ ಹೆದರಲು ಕಲಿಯಬೇಕು ಎಂಬ ಒಲವು.

ಇನ್ನೊಂದು ಪ್ರಯೋಗ ನನ್ನನ್ನು ನೇರ ಕಂದಕೂರಿಗೆ ಒಯ್ಯುತ್ತದೆ. ಹಾವಿನ ಮುಂದೆ ನಿರಾಳವಾಗಿ ಕುಳಿತ ಮಂಗವನ್ನು ಮೊದಲೇ ನೋಡಿಕೊಂಡಿದ್ದ ಮಂಗಗಳಿಗೆ ಆಮೇಲೆ ಹೆದರಿದ ಮಂಗವನ್ನು ತೋರಿಸಿದರೂ ಹೆಚ್ಚಿನವು ಹೆದರಲಿಲ್ಲ. ಲಸಿಕೆ ಹಾಕಿಸಿಕೊಂಡ ಹಾಗೆ! ಬೆಟ್ಟದ ಮೇಲಿನ ಮಗುವೂ ಮೊದಲು ನೋಡುವುದು ಚೇಳನ್ನಲ್ಲ, ಅವ್ವನ ಮುಖವನ್ನು ಎಂದು ನನಗನಿಸುತ್ತದೆ. ಹೋಲಿಕೆ ನನ್ನದು, ಮಂಗಗಳ ಪ್ರಯೋಗ ಹಾವಿನದು. ಆದರೂ ಮುಖ ನೋಡಿ ಕಲಿಯುವ ಬಗೆ ಎರಡೂ ಕಡೆ ಒಂದೇ.

ಈ ನೆಲದಲ್ಲಿ ಕಲ್ಲೆತ್ತುವ ಕೆಲಸ ಬಹಳ ಹಳೆಯದು. ಇದೇ ಜಿಲ್ಲೆಯ ಸುರಪುರ ಸೀಮೆಯ ಹುಣಸಗಿ ಬಳಿ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸುಣ್ಣಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ತೋರಿಸಿತು. ಆ ಕಲ್ಲುಗಾರರು ನಮ್ಮ ಪ್ರಭೇದದ ಮನುಷ್ಯರೂ ಆಗಿರಲಿಲ್ಲ. ಚೇಳುಗಳಾದರೋ ಭೂಮಿಗೆ ಬಂದು 40 ಕೋಟಿ ವರ್ಷ ದಾಟಿತ್ತು. ಚಪ್ಪಡಿ ಎತ್ತುವ ಮುಂಚೆ ಆ ಕೈಗಳೂ ಒಂದು ಗಳಿಗೆ ತಡೆದಿರಬೇಕು.

ಅಂಥ ಎಚ್ಚರ ನಮಗೆ ಬಂದಿದೆ, ಆದರೆ ಹಳೆಯ ಶತ್ರುಗಳ ಮಟ್ಟಿಗೆ ಮಾತ್ರ. ಶಹಾಪುರದ ಕಡೆ ಹತ್ತಿಗೆ ಕೀಟನಾಶಕದ ಎಣ್ಣೆ ಹೊಡೆಯುವ ದಿನ ನೋಡಿ. ಕಣ್ಣು, ಮೂಗು, ಚರ್ಮದಿಂದ ಒಳಗಿಳಿಯುವ ಆ ವಿಷಕ್ಕೆ ಕೊಂಡಿಯಿಲ್ಲ, ಹೆಡೆಯಿಲ್ಲ. ಅದು ಹುಟ್ಟಿ ನೂರು ವರ್ಷವೂ ತುಂಬಿಲ್ಲ, ಅದಕ್ಕೆ ಬೆಚ್ಚುವವರನ್ನು ಆರಿಸಲು ನಿಸರ್ಗಕ್ಕೆ ಸಮಯವೇ ಸಿಕ್ಕಿಲ್ಲ. ಬದುವಿನಲ್ಲಿ ಚೇಳು ಕಂಡರೆ ಮಾರು ದೂರ ಸರಿಯುವ ರೈತ, ಬರಿಗೈಯಲ್ಲಿ ಎಣ್ಣೆ ಕಲಸಿ, ಬಾಯಿಗೊಂದು ಬಟ್ಟೆಯೂ ಕಟ್ಟದೆ ಪಂಪು ಬೆನ್ನಿಗೇರಿಸುತ್ತಾನೆ. ನೀರಿನ ಕೊಡ ಹಿಡಿದು ನಿಂತ ಮಗ ಅಪ್ಪನ ಮುಖ ನೋಡುತ್ತಾನೆ. ಅಲ್ಲಿ ಗಾಬರಿಯ ಸುಳಿವೇ ಇಲ್ಲ.